ಡೆಲವೇರ್‌ನಲ್ಲಿ ಅಂಥದ್ದೇನಿದೆ?

"ಸರ್, ಆ ಡೆಲವೇರ್‌ನಲ್ಲಿ ಅಂಥದ್ದೇನಿದೆ? ನಮ್ಮ ಬೆಂಗಳೂರಿನ ಹುಡುಗರೂ ಅಲ್ಲಿಗೇ ಹೋಗಿ ಕಂಪನಿ ಮಾಡ್ತಾರಲ್ಲ. ಟ್ಯಾಕ್ಸೇ ಇಲ್ವಂತೆ?"

ಮದುವೆ ಊಟದ ಪಂಕ್ತಿಯಲ್ಲೂ ಇದೇ, ವಾಟ್ಸಾಪ್ ಗುಂಪಿನಲ್ಲೂ ಇದೇ. ಬಾಯಲ್ಲಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುವುದು.

ಡೆಲವೇರ್ ಅಮೆರಿಕದ ಪೂರ್ವ ಕರಾವಳಿಯ ಒಂದು ಪುಟ್ಟ ರಾಜ್ಯ. ಮೊದಲನೆಯದಾಗಿ, ಅಲ್ಲಿಗೆ ಯಾರೂ ಹೋಗುವುದಿಲ್ಲ. ಕಂಪನಿ ಮಾಡಲು ಡೆಲವೇರ್‌ನಲ್ಲಿ ಮನೆ ಬೇಡ, ಆಫೀಸು ಬೇಡ, ಅಮೆರಿಕದ ಪೌರತ್ವವೂ ಬೇಡ. ಬೇಕಾದದ್ದು ಒಬ್ಬ ರಿಜಿಸ್ಟರ್ಡ್ ಏಜೆಂಟ್. ಕಂಪನಿಯ ಮೇಲೆ ಯಾರಾದರೂ ಕೇಸು ಹಾಕಿದರೆ ಸಮನ್ಸ್ ತೆಗೆದುಕೊಳ್ಳಲು ರಾಜ್ಯದೊಳಗೆ ಒಂದು ವಿಳಾಸ ಇರಲೇಬೇಕು, ಅಷ್ಟೇ. ವಿಲ್ಮಿಂಗ್ಟನ್ ಊರಿನ 1209 ನಾರ್ತ್ ಆರೆಂಜ್ ಸ್ಟ್ರೀಟ್‌ನಲ್ಲಿ ಅಂಥದ್ದೊಂದು ಏಜೆಂಟ್ ಕಂಪನಿಯ ಸಾಧಾರಣ ಕಟ್ಟಡವಿದೆ. 2012ರ ಹೊತ್ತಿಗೇ 2 ಲಕ್ಷ 85 ಸಾವಿರ ಕಂಪನಿಗಳ ಕಾನೂನು ವಿಳಾಸ ಅದಾಗಿತ್ತು. ಈ ಸಂಗತಿಯನ್ನು ದೊಡ್ಡ ಹಗರಣ ಬಯಲಿಗೆಳೆದವರ ಧಾಟಿಯಲ್ಲಿ ನನಗೇ ಹೇಳಲು ಬರುವವರಿದ್ದಾರೆ. ಸ್ವಾಮಿ, ಅದು ಟಪಾಲು ಪೆಟ್ಟಿಗೆ. ಟೀಕಿಸಲೇಬೇಕು ಅಂತಿದ್ದರೆ ಬೇರೆ ಜಾಗವಿದೆ: ಎಲ್‌ಎಲ್‌ಸಿ (ಮಾಲೀಕರ ಹೊಣೆ ಸೀಮಿತವಾಗಿರುವ ಸರಳ ಬಗೆಯ ಕಂಪನಿ) ನೋಂದಾಯಿಸುವಾಗ ಅದರ ನಿಜವಾದ ಮಾಲೀಕರು ಯಾರೆಂದು ರಾಜ್ಯಕ್ಕೆ ತಿಳಿಸಬೇಕಾಗಿಲ್ಲ. ಕಳ್ಳ ದುಡ್ಡಿನವರಿಗೆ ಇದು ಅನುಕೂಲ ಎಂಬ ದೂರಿನಲ್ಲಿ ಹುರುಳಿದೆ. ಅದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಇನ್ನು ಟ್ಯಾಕ್ಸು. ಅಂಗಡಿಯಲ್ಲಿ ಸೇಲ್ಸ್ ಟ್ಯಾಕ್ಸ್ ಇಲ್ಲ, ನಿಜ. ಪಕ್ಕದ ಫಿಲಡೆಲ್ಫಿಯಾದಲ್ಲಿ 8 ಪರ್ಸೆಂಟ್, ಮೇರಿಲ್ಯಾಂಡ್‌ನಲ್ಲಿ 6, ನ್ಯೂಜೆರ್ಸಿಯಲ್ಲಿ 6.625. ಅದಕ್ಕೇ ವಾರದ ಕೊನೆಗೆ ಡೆಲವೇರ್‌ನ ಕ್ರಿಸ್ಟಿಯಾನಾ ಮಾಲ್‌ನ ಪಾರ್ಕಿಂಗ್‌ನಲ್ಲಿ ಹೊರರಾಜ್ಯದ ನಂಬರ್ ಪ್ಲೇಟುಗಳು. ಆದರೆ ಕಂಪನಿಯ ಮಾತು ಬೇರೆ. ಅಮೆರಿಕದ ಕೇಂದ್ರ ಸರ್ಕಾರದ 21 ಪರ್ಸೆಂಟ್ ಕಾರ್ಪೊರೇಟ್ ತೆರಿಗೆ ಎಲ್ಲಿ ನೋಂದಾಯಿಸಿದರೂ ತಪ್ಪುವುದಿಲ್ಲ. ರಾಜ್ಯದ ಆದಾಯ ತೆರಿಗೆ 8.7 ಪರ್ಸೆಂಟ್, ಅದು ಡೆಲವೇರ್‌ನೊಳಗೆ ವ್ಯವಹಾರ ಮಾಡಿದರೆ ಮಾತ್ರ. ಇಷ್ಟನ್ನು ಕೇಳಿಸಿಕೊಂಡು "ಅಂದ್ರೆ ಟ್ಯಾಕ್ಸ್ ಇಲ್ಲ ತಾನೇ?" ಅನ್ನುವವರಿಗೆ ಷೇರು ವ್ಯವಹಾರದ ಆ್ಯಪ್ ನಡೆಸುವ ಬೆಂಗಳೂರಿನ ಗ್ರೋ ಕಂಪನಿಯನ್ನು ತೋರಿಸುತ್ತೇನೆ. 2024ರಲ್ಲಿ ಡೆಲವೇರ್ ಬಿಟ್ಟು ಭಾರತಕ್ಕೆ ಮರಳುವಾಗ ಅದು ಅಮೆರಿಕಕ್ಕೆ ಕಟ್ಟಿದ ತೆರಿಗೆ ಸುಮಾರು 1,340 ಕೋಟಿ ರೂಪಾಯಿ.

ಹಾಗಾದರೆ ಯಾಕೆ ಅಲ್ಲೇ? ಕೋರ್ಟಿಗಾಗಿ. 1792ರಲ್ಲಿ ಸ್ಥಾಪನೆಯಾದ ಕೋರ್ಟ್ ಆಫ್ ಚಾನ್ಸರಿಯಲ್ಲಿ ಜ್ಯೂರಿ ಇಲ್ಲ. ಕಂಪನಿ ವ್ಯಾಜ್ಯಗಳಲ್ಲೇ ಪಳಗಿದ ನ್ಯಾಯಾಧೀಶರು ವಿಚಾರಣೆ ನಡೆಸಿ, ಕಾರಣ ಸಮೇತ ತೀರ್ಪು ಬರೆಯುತ್ತಾರೆ. ಇಂಥ ಜಗಳಕ್ಕೆ ಇಂಥ ತೀರ್ಪು ಬರಬಹುದೆಂದು ವಕೀಲರು ಮೊದಲೇ ಅಂದಾಜು ಹಾಕಬಲ್ಲರು. ದುಡ್ಡು ಹಾಕುವವರಿಗೆ ಬೇಕಾದದ್ದು ಆ ಅಂದಾಜು. ತಮಾಷೆಯೆಂದರೆ ಕಂಪನಿ ನೋಂದಾಯಿಸುವ ಈ ವ್ಯಾಪಾರ ಮೊದಲು ನ್ಯೂಜೆರ್ಸಿಯದಾಗಿತ್ತು. ಡೆಲವೇರ್ 1899ರಲ್ಲಿ ಅದೇ ಮಾದರಿಯ ಕಂಪನಿ ಕಾಯ್ದೆ ಮಾಡಿಕೊಂಡು ಕಾದು ಕೂತಿತು. 1913ರಲ್ಲಿ ನ್ಯೂಜೆರ್ಸಿಯ ಗವರ್ನರ್ ವುಡ್ರೋ ವಿಲ್ಸನ್ ಬಿಗಿ ಕಾನೂನು ತಂದದ್ದೇ ತಡ, ಕಂಪನಿಗಳು ಗಂಟುಮೂಟೆ ಕಟ್ಟಿಕೊಂಡು ನಡುವಿನ ನದಿ ದಾಟಿದವು. ಈಗ ಡೆಲವೇರ್‌ನ ಜನಸಂಖ್ಯೆ ಸುಮಾರು 10 ಲಕ್ಷ, ಕಂಪನಿಗಳು 20 ಲಕ್ಷಕ್ಕೂ ಹೆಚ್ಚು.

ಕಂಪನಿ ಮಾಡಿದವರು ನಿಜಕ್ಕೂ ಕೇಳಬೇಕಾದದ್ದು ಮಾರ್ಚ್ 1ರ ಬಗ್ಗೆ. ಪ್ರತಿ ವರ್ಷ ಫ್ರಾಂಚೈಸ್ ಟ್ಯಾಕ್ಸ್ (ಅಲ್ಲಿ ನೋಂದಾಯಿಸಿಕೊಂಡದ್ದಕ್ಕೆ ರಾಜ್ಯಕ್ಕೆ ಕೊಡುವ ತೆರಿಗೆ) ಕಟ್ಟಲು ಅದೇ ಕೊನೆಯ ದಿನ. ಒಂದು ಕೋಟಿ ಅಧಿಕೃತ ಷೇರು (ಕಂಪನಿ ಹೆಚ್ಚೆಂದರೆ ಹಂಚಬಹುದಾದಷ್ಟು ಷೇರು) ಇಟ್ಟುಕೊಂಡ ಪುಟ್ಟ ಸ್ಟಾರ್ಟಪ್‌ಗೆ ಬರುವ ನೋಟಿಸಿನಲ್ಲಿ 85,165 ಡಾಲರ್ ಅಂತ ಇರುತ್ತದೆ. ಬ್ಯಾಂಕಿನಲ್ಲಿ 40 ಸಾವಿರ ಡಾಲರ್ ಇರುವ ಹುಡುಗರ ಎದೆ ಅಲ್ಲೇ ಧಸಕ್ಕೆನ್ನುತ್ತದೆ. ಕಾರಣ ಇಷ್ಟೇ: ಲೆಕ್ಕಕ್ಕೆ ಎರಡು ವಿಧಾನಗಳಿವೆ, ನೋಟಿಸು ಬರುವುದು ಷೇರುಗಳ ಸಂಖ್ಯೆ ನೋಡುವ ಮೊದಲ ವಿಧಾನದಲ್ಲಿ. ಮೊದಲ 10 ಸಾವಿರ ಷೇರಿಗೆ 250 ಡಾಲರ್, ಆಮೇಲಿನ ಪ್ರತಿ 10 ಸಾವಿರಕ್ಕೆ 85.

ಎರಡನೆಯ ವಿಧಾನ ಆಸ್ತಿ ನೋಡುತ್ತದೆ. ಒಟ್ಟು ಆಸ್ತಿಯನ್ನು ವಿತರಿಸಿದ ಷೇರುಗಳಿಂದ ಭಾಗಿಸಿ. 40 ಸಾವಿರ ಡಾಲರ್, 80 ಲಕ್ಷ ಷೇರು, ಅಂದರೆ ಷೇರಿಗೆ 0.005 ಡಾಲರ್. ಅದನ್ನು ಒಂದು ಕೋಟಿ ಅಧಿಕೃತ ಷೇರಿನಿಂದ ಗುಣಿಸಿದರೆ 50 ಸಾವಿರ. ಅದನ್ನು ಮುಂದಿನ 10 ಲಕ್ಷಕ್ಕೆ ಏರಿಸಿ, ಪ್ರತಿ 10 ಲಕ್ಷಕ್ಕೆ 400 ಡಾಲರ್. ಕಟ್ಟಬೇಕಾದದ್ದು 400, ಜೊತೆಗೆ ವಾರ್ಷಿಕ ವರದಿಗೆ 50. ಷೇರಿನ ಮುಖಬೆಲೆಯನ್ನು 0.0001 ಡಾಲರಿನಂತೆ ತೀರಾ ಕಡಿಮೆ ಇಡುವುದೂ ಇದಕ್ಕೇ. ಭಾಗಿಸಿ ಬಂದದ್ದು ಮುಖಬೆಲೆಗಿಂತ ಕಡಿಮೆಯಾದರೆ ಮುಖಬೆಲೆಯನ್ನೇ ಹಿಡಿಯಬೇಕಾಗುತ್ತದೆ.

ಎಡವುವುದು ಎರಡು ಕಡೆ. ಫಾರಂನಲ್ಲಿ ಒಟ್ಟು ಆಸ್ತಿಯ ಖಾನೆ ಖಾಲಿ ಬಿಟ್ಟರೆ ಎರಡನೆಯ ಲೆಕ್ಕ ನಡೆಯುವುದೇ ಇಲ್ಲ. ಇನ್ನೊಂದು, ಒಂದು ಕೋಟಿ ಷೇರು ಅಧಿಕೃತ ಮಾಡಿ ಬರೀ ಸಾವಿರ ಹಂಚುವುದು. ಆಗ ಷೇರಿಗೆ 40 ಡಾಲರ್, ಕೋಟಿಯಿಂದ ಗುಣಿಸಿದರೆ 40 ಕೋಟಿ, ತೆರಿಗೆ 1,60,000. ಮೊದಲ ವಿಧಾನವೇ ವಾಸಿ ಅನ್ನುವ ಸ್ಥಿತಿ! ತಡ ಮಾಡಿದರೆ 200 ಡಾಲರ್ ದಂಡ, ತಿಂಗಳಿಗೆ ಒಂದೂವರೆ ಪರ್ಸೆಂಟ್ ಬಡ್ಡಿ. ಎಲ್‌ಎಲ್‌ಸಿಗೆ ಷೇರು, ಆಸ್ತಿ ಲೆಕ್ಕದ ಈ ರಗಳೆ ಇಲ್ಲ, ವರ್ಷಕ್ಕೆ 300 ಡಾಲರ್, ಜೂನ್ 1ರೊಳಗೆ.

ಸರಿ, ನಿಮ್ಮ ಪ್ರಶ್ನೆ ಮುಗಿಯಿತು. ಆದರೆ ಅಂಥದ್ದೇನಿದೆ ಅಂತ ಕೇಳಿ, ಉತ್ತರ ಬರುವ ಮೊದಲೇ ಟ್ಯಾಕ್ಸು ಅಂತ ತಾವೇ ಮುಗಿಸುವವರ ಮೇಲೆ ನನಗಿರುವ ಸಿಟ್ಟು ಮುಗಿದಿಲ್ಲ. ಕೊಡಗಿಗಿಂತ ಸ್ವಲ್ಪ ದೊಡ್ಡದಾದ, ಮೂರೇ ಕೌಂಟಿಗಳ (ನಮ್ಮ ಜಿಲ್ಲೆಗಳಿದ್ದಂತೆ) ಈ ರಾಜ್ಯದಿಂದ ನಮ್ಮ ತಟ್ಟೆಗೆ ಏನಾದರೂ ಬಂದಿದೆಯೇ ಅಂತ ಒಬ್ಬರಾದರೂ ಕೇಳಬಾರದೇ?

ಬಂದಿದೆ. ಬ್ರಾಯ್ಲರ್ ಕೋಳಿ. 1923ರಲ್ಲಿ ಸಸೆಕ್ಸ್ ಕೌಂಟಿಯ ಓಷನ್ ವ್ಯೂ ಎಂಬ ಹಳ್ಳಿಯ ಸಿಸಿಲ್ ಸ್ಟೀಲ್ ಮೊಟ್ಟೆಗೆಂದು 50 ಮರಿಗಳಿಗೆ ಆರ್ಡರ್ ಕೊಟ್ಟರು. ಬಂದದ್ದು 500. ಆಕೆ ವಾಪಸು ಕಳಿಸಲಿಲ್ಲ. 16 ಅಡಿ ಉದ್ದ, 16 ಅಡಿ ಅಗಲದ ಮರದ ಶೆಡ್ಡಿನಲ್ಲಿ ಸಾಕಿದರು. 18 ವಾರಕ್ಕೆ ಉಳಿದದ್ದು 387, ಒಂದೊಂದೂ ಎರಡು ಪೌಂಡಿನ ಮೇಲೆ. ಪೌಂಡಿಗೆ 62 ಸೆಂಟಿನಂತೆ ಮಾರಿದರು. ಆವರೆಗೆ ಕೋಳಿಮಾಂಸವೆಂದರೆ ಮೊಟ್ಟೆ ವ್ಯಾಪಾರದ ಮಿಕ್ಕ ಸರಕು: ಮೊಟ್ಟೆ ನಿಲ್ಲಿಸಿದ ಮುದಿ ಹೇಂಟೆ, ಬೇಡವಾದ ಹುಂಜ. ಮಾಂಸಕ್ಕೆಂದೇ ಮರಿ ಸಾಕಿದರೆ ಲಾಭವಿದೆ ಎಂಬುದು ಅಲ್ಲಿ ಗಟ್ಟಿಯಾಯಿತು. ಮೂರು ವರ್ಷದೊಳಗೆ ಸ್ಟೀಲ್ ಕುಟುಂಬ 10 ಸಾವಿರ ಕೋಳಿಗೆ ಜಾಗ ಮಾಡಿಕೊಂಡಿತ್ತು, ಸುತ್ತಲಿನ ರೈತರೂ ಶೆಡ್ಡು ಎಬ್ಬಿಸತೊಡಗಿದರು. ಆ ಮೊದಲ ಶೆಡ್ಡನ್ನು ಜಾರ್ಜ್‌ಟೌನ್ ಬಳಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರದಲ್ಲಿ ಉಳಿಸಿದ್ದಾರೆ. 18 ವಾರದ ಕೆಲಸ ಈಗ ಆರೇಳು ವಾರಕ್ಕೆ ಇಳಿದಿದೆ, ಅದು ಕೋಳಿಗೆ ಒಳ್ಳೆಯದಾಯಿತೇ ಎಂಬುದು ಬೇರೆ ಮಾತು.

ನೈಲಾನ್ ಕೂಡ ಇಲ್ಲಿಯದೇ. 1935ರಲ್ಲಿ ವಿಲ್ಮಿಂಗ್ಟನ್ ಪಕ್ಕದ, ಡುಪಾಂಟ್ ಎಂಬ ರಾಸಾಯನಿಕ ಕಂಪನಿಯ ಪ್ರಯೋಗಾಲಯ, 1939ರಲ್ಲಿ ಸೀಫರ್ಡ್ ಕಾರ್ಖಾನೆ.

ಗಡಿ ಬಗ್ಗೆ ಕೇಳಿದ್ದರೂ ಖುಷಿಯಾಗುತ್ತಿತ್ತು. ಅಮೆರಿಕದ ಎಷ್ಟೋ ರಾಜ್ಯಗಳ ಗಡಿ ಸ್ಕೇಲಿಟ್ಟು ಎಳೆದದ್ದಾದರೆ ಡೆಲವೇರ್‌ನ ಉತ್ತರದ ಗಡಿ ಕೈವಾರದ್ದು. ನ್ಯೂ ಕ್ಯಾಸಲ್ ಊರಿನ ಹಳೆಯ ಕೋರ್ಟ್‌ಹೌಸಿನ ಗೋಪುರ ಕೇಂದ್ರ, ತ್ರಿಜ್ಯ 12 ಮೈಲಿ. ಪಕ್ಕದ ಪೆನ್ಸಿಲ್ವೇನಿಯಾದ ಸ್ಥಾಪಕ ವಿಲಿಯಂ ಪೆನ್‌ಗೆ 1682ರಲ್ಲಿ ಸಿಕ್ಕಿದ ದಾನಪತ್ರದ ಮಾತು ಅದು. ಈ ವೃತ್ತದೊಳಗೆ ಡೆಲವೇರ್ ನದಿ ಪೂರ್ತಿ ಡೆಲವೇರ್‌ನದು, ಆಚೆ ದಡದಲ್ಲಿ ನೀರು ಇಳಿದಾಗ ನಿಲ್ಲುವ ಗೆರೆಯವರೆಗೂ. ಹೂಳೆತ್ತಿದ ಮಣ್ಣನ್ನು ನ್ಯೂಜೆರ್ಸಿ ದಡಕ್ಕೆ ಸುರಿದಾಗ ಆ ಗೆರೆಯ ಈಚೆಗೆ, ನದಿಯಿದ್ದ ಜಾಗದಲ್ಲಿ, ಹೊಸ ನೆಲ ಎದ್ದಿತು. ಕಾನೂನಿನ ಪ್ರಕಾರ ಆ ನೆಲ ಡೆಲವೇರ್! ಕಿಲ್ಕೊಹುಕ್ ಎಂಬ ಆ ತುಂಡಿಗೆ ರಸ್ತೆಯಲ್ಲಿ ಹೋಗಬೇಕಾದರೆ ಸೇತುವೆ ದಾಟಿ ನ್ಯೂಜೆರ್ಸಿ ಸುತ್ತಿಕೊಂಡೇ ಹೋಗಬೇಕು. ಈ ಗೆರೆ ಸುಪ್ರೀಂ ಕೋರ್ಟಿಗೆ 1934ರಲ್ಲೂ ಹೋಯಿತು, 2008ರಲ್ಲೂ ಹೋಯಿತು. ಎರಡನೆಯ ಸಲದ ಜಗಳ ನ್ಯೂಜೆರ್ಸಿ ದಡದಿಂದ ನದಿಗೆ ಚಾಚುವ ಗ್ಯಾಸ್ ಜೆಟ್ಟಿಯದು. ಬೇಡವೆನ್ನುವ ಹಕ್ಕು ಡೆಲವೇರ್‌ಗಿದೆ ಎಂದು ತೀರ್ಪಾಯಿತು.

ಹೆಮ್ಮೆ ಪಡಲಾಗದ್ದೂ ಇದೆ, ಅದನ್ನು ಮುಚ್ಚಿಟ್ಟು ಹೇಳಿದರೆ ಜಾಹೀರಾತಾಗುತ್ತದೆ. ಸಂವಿಧಾನವನ್ನು ಎಲ್ಲರಿಗಿಂತ ಮೊದಲು, 1787ರ ಡಿಸೆಂಬರ್ 7ರಂದು ಒಪ್ಪಿದ ಇದೇ ರಾಜ್ಯ ಗುಲಾಮಗಿರಿ ನಿಷೇಧಿಸುವ 13ನೆಯ ತಿದ್ದುಪಡಿಯನ್ನು ಒಪ್ಪಿದ್ದು 1901ರಲ್ಲಿ. ಛಡಿಯೇಟಿನ ಶಿಕ್ಷೆ ಕೊನೆಯದಾಗಿ ನಡೆದದ್ದು 1952ರಲ್ಲಿ, ಕಾನೂನಿನಿಂದ ಹೋದದ್ದು 1972ರಲ್ಲಿ.

ಕೊನೆಗೆ, ನೋಡೋಕೆ ಏನಿದೆ ಅನ್ನುವವರಿಗೆ ಒಂದೇ ಹೇಳುತ್ತೇನೆ: ಹಾರ್ಸ್‌ಶೂ ಕ್ರ್ಯಾಬ್. ಹೆಸರಿಗೆ ಏಡಿ, ನೆಂಟಸ್ತಿಕೆ ಜೇಡ, ಚೇಳುಗಳ ಜೊತೆ. ಮೇ, ಜೂನ್ ತಿಂಗಳ ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸು, ರಾತ್ರಿಯ ಭರತದ ಹೊತ್ತಿಗೆ ಡೆಲವೇರ್ ಕೊಲ್ಲಿಯ ಮರಳಿಗೆ ಮೊಟ್ಟೆಯಿಡಲು ಸಾಲುಗಟ್ಟಿ ಬರುತ್ತವೆ. ಜಗತ್ತಿನಲ್ಲಿ ಇಷ್ಟು ದೊಡ್ಡ ಸಂಖ್ಯೆಯಲ್ಲಿ ಬೇರೆಲ್ಲೂ ಇಲ್ಲ. ಇದರ ನೀಲಿ ರಕ್ತದ ಕಣಗಳಿಂದ ತೆಗೆದ ಸಾರ ಬ್ಯಾಕ್ಟೀರಿಯಾದ ಎಂಡೊಟಾಕ್ಸಿನ್ ಸೋಕಿದರೆ ಹೆಪ್ಪುಗಟ್ಟುತ್ತದೆ. ಚುಚ್ಚುಮದ್ದಿನ ನೀರನ್ನು ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಅದರ ಹೊರಪೊರೆಯ ಈ ವಿಷ ಉಳಿಯುತ್ತದೆ, ರಕ್ತಕ್ಕೆ ಸೇರಿದರೆ ಚಳಿಜ್ವರ. ಮೊದಲು ಔಷಧಿಯನ್ನು ಮೊಲಕ್ಕೆ ಚುಚ್ಚಿ ಜ್ವರ ಬರುತ್ತದೆಯೇ ಎಂದು ಕಾಯುತ್ತಿದ್ದರು. 1970ರ ದಶಕದಿಂದ ಈ ಸಾರ ಆ ಕೆಲಸ ಮಾಡುತ್ತಿದೆ. ಈಗ ಕೃತಕ ಬದಲಿಯೂ ಬಂದಿದೆ.

ಸ್ಲಾಟರ್ ಬೀಚಿಗೆ ಹೋಗಿ. ಹೆಸರು ಕೇಳಿ ಹೆದರಬೇಡಿ, ಆ ಊರೇ ಈ ಪ್ರಾಣಿಗಳಿಗೆ ಅಭಯಧಾಮ. ಕಚ್ಚುವ ನೊಣ ವಿಪರೀತ, ತುಂಬುತೋಳಿನ ಅಂಗಿ ಹಾಕಿಕೊಳ್ಳಿ. ಅಲೆ ಮಗುಚಿದ ಪ್ರಾಣಿ ಅಂಗಾತ ಬಿದ್ದಿದ್ದರೆ ಬಿಸಿಲೇರುವ ಹೊತ್ತಿಗೆ ಕಿವಿರು ಒಣಗಿ ಸಾಯುತ್ತದೆ, ಇಲ್ಲವೇ ಕಡಲಕ್ಕಿಗಳು ಕುಕ್ಕಿ ತಿನ್ನುತ್ತವೆ. ಬಾಲ ಹಿಡಿದು ಎತ್ತಬೇಡಿ. ಅದು ತಾನಾಗಿ ಮಗುಚಿಕೊಳ್ಳಲು ಬಳಸುವ ಮೀಟುಗೋಲೇ ಆ ಬಾಲ, ಬುಡ ಕಿತ್ತರೆ ಮುಂದಿನ ಸಲ ಏಳಲಾರದು. ಚಿಪ್ಪಿನ ಎರಡೂ ಅಂಚು ಹಿಡಿದು ತಿರುಗಿಸಿ ನೀರಿನ ಕಡೆ ಮುಖ ಮಾಡಿ ಬಿಡಿ. ಅದು ಕಚ್ಚುವುದಿಲ್ಲ, ಕುಟುಕುವುದೂ ಇಲ್ಲ.