ಗಾಜಿನ ಚಪ್ಪಲಿ ಅಲ್ಲ, ತುಕ್ಕು ಹಿಡಿದ ಪಾದ

ಇವತ್ತು ಮೆಟ್ರೋದಲ್ಲಿ ನಿಂತ್ಕೊಂಡೇ ‘ಸಿಂಡರ್’ ಕಾದಂಬರಿ ಮುಗಿಸ್ದೆ, ಮರಿಸ್ಸಾ ಮೇಯರ್ ಬರ್ದಿರೋದು, 2012ರದು. ಸಿಂಡ್ರೆಲಾ ಕಥೇನೇ, ಆದ್ರೆ ಊರು ಮುಂದಿನ ಕಾಲದ ನ್ಯೂ ಬೀಜಿಂಗ್, ಹುಡುಗಿ ಸೈಬೋರ್ಗು, ಅಂದ್ರೆ ಅರ್ಧ ಮನುಷ್ಯಳು ಅರ್ಧ ಯಂತ್ರ, ಮಾರ್ಕೆಟ್ಟಲ್ಲಿ ಅಂಗಡಿ ಇಟ್ಕೊಂಡಿರೋ ಮೆಕ್ಯಾನಿಕ್ಕು.

ಶುರುನಲ್ಲೇ ತನ್ನ ಪಾದದ ತುಕ್ಕು ಹಿಡಿದ ಸ್ಕ್ರೂ ಬಿಚ್ತಾ ಕೂತಿರ್ತಾಳೆ. ಚಿಕ್ಕೋಳಿದ್ದಾಗ ಹಾಕಿದ್ ಪಾದ, ಈಗ ಸೈಜು ಸಾಲ್ತಿಲ್ಲ, ಅದನ್ನ ಕಿತ್ತು ಹೊಸದು ಬರ್ಲಿ ಅಂತ ಕಾಯ್ತಿರೋವಾಗ್ಲೇ ರಾಜಕುಮಾರ ಕೆಟ್ಟೋಗಿರೋ ಆಂಡ್ರಾಯ್ಡ್ (ಫೋನಲ್ಲ, ರೋಬೋಟು) ಹೊತ್ಕೊಂಡು ರಿಪೇರಿಗೆ ಅಂತ ಬರ್ತಾನೆ, ಇವಳಿಗೆ ಮರ್ಯಾದೆಗೆ ಸರಿಯಾಗಿ ಎದ್ದು ನಿಲ್ಲಕ್ಕೂ ಆಗಲ್ಲ, ಒಂದು ಪಾದಾನೇ ಇಲ್ವಲ್ಲ!

ತಲೇಲಿ ಕೂತಿದ್ದು ಇದೇ ನೋಡಿ. ಗ್ರಿಮ್ ಸಹೋದರರ ಹಳೇ ಸಿಂಡ್ರೆಲಾ ಕಥೇಲಿ ಚಪ್ಪಲಿ ಯಾರಿಗೆ ಹಿಡಿಸತ್ತೋ ಅವ್ಳನ್ನೇ ರಾಜಕುಮಾರ ಮದ್ವೆ ಆಗೋದು, ಅದಕ್ಕೇ ಮಲತಾಯಿ ಮಕ್ಳು ಚಪ್ಪಲಿ ಹಿಡಿಸ್ಲಿ ಅಂತ ಬೆರಳು, ಹಿಮ್ಮಡಿ ಕತ್ತರಿಸ್ಕೋತಾರೆ. ಈ ಮೆಕ್ಯಾನಿಕ್ ಹುಡುಗಿ ಅಳತೆಗೆ ಬರದ ಪಾದಾನೇ ಬಿಚ್ಚಿಡ್ತಾಳೆ, ಸ್ಕ್ರೂಡ್ರೈವರ್ ಅವಳ ಕೈಯಲ್ಲೇ ಇದೆ. ರಾಜಕುಮಾರ ಪಾಪ, ಕಸ್ಟಮರ್ರು ಅಷ್ಟೇ.

ಇದೇ ಸೀರೀಸಲ್ಲಿ ‘ಕ್ರೆಸ್’ ಅಂತ ರಪುಂಜೆಲ್ (ಗೋಪುರದಲ್ಲಿ ಸೆರೆಯಾಗಿರೋ ಉದ್ದ ಕೂದ್ಲಿನ ಹುಡುಗಿ) ಕಥೇನೂ ಇದೆ, ಗೋಪುರದ ಬದ್ಲು ಸ್ಯಾಟಲೈಟಲ್ಲಿ ಕೂಡಿ ಹಾಕಿರ್ತಾರೆ, ಹುಡುಗಿ ಹ್ಯಾಕರ್ ಬೇರೆ, ಆದ್ರೂ ಕೂದ್ಲು ಮಾತ್ರ ಅಷ್ಟೇ ಉದ್ದ. ಯಾರ ಹತ್ರನಾದ್ರೂ ಇದ್ರೆ ಕೊಡ್ರಪ್ಪ, ಓದಿ ವಾಪಸ್ ಕೊಡ್ತೀನಿ.