ಚಟ್ನಿ ಹುಳಿ ಬಂದಿತ್ತು, ಹೇಳಿಯೇ ಬಂದೆ

ದಾವಣಗೆರೆ ಬೆಣ್ಣೆ ದೋಸೆಗೆ ಸಾಂಬಾರ್ ಬೇಕಿಲ್ಲ. ಕಾಯಿ ಚಟ್ನಿ, ಆಲೂಗಡ್ಡೆ ಪಲ್ಯ ಇದ್ದರೆ ಆಯ್ತು. ಹಿಟ್ಟಿಗೆ ಮಂಡಕ್ಕಿ ಹಾಕಿ ರುಬ್ಬುತ್ತಾರೆ, ಅದಕ್ಕೇ ಒಳಗೆ ಅಷ್ಟು ಮೆತ್ತಗೆ. ಮೊನ್ನೆ ನಮ್ಮ ಬೀದಿಯ ಹೋಟೆಲಿನಲ್ಲಿ ದೋಸೆ ಹಾಗೇ ಇತ್ತು, ಅಂಚಿನಲ್ಲಿ ಬೆಣ್ಣೆ ಇನ್ನೂ ನೊರೆಯಾಡುತ್ತಿತ್ತು. ಚಟ್ನಿ ಮಾತ್ರ ಹುಳಿ ಬಂದಿತ್ತು. ಈ ಬಿಸಿಲಿಗೆ ಬೆಳಿಗ್ಗೆ ರುಬ್ಬಿದ ಕಾಯಿ ಮಧ್ಯಾಹ್ನಕ್ಕೆ ಉಳಿಯಲ್ಲ. ಮನೆಗೆ ಬಂದು ಮೊಬೈಲಿನಲ್ಲಿ ಒಂದು ಸ್ಟಾರ್ ಒತ್ತುವುದು ನನಗೆ ಸರಿ ಕಾಣಲ್ಲ. ಅಷ್ಟರಲ್ಲಿ ಪಕ್ಕದ ಟೇಬಲ್ಲಿನ ಮಗು ಅದನ್ನೇ ತಿಂದಿರುತ್ತೆ. ಗಲ್ಲಾದ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ: "ಯಜಮಾನ್ರೇ, ದೋಸೆ ಬಹಳ ಚೆನ್ನಾಗಿದೆ. ಚಟ್ನಿ ಹುಳಿಯಾಗಿದೆ, ಒಮ್ಮೆ ನೋಡಿ." ಅವರು ನಾಲಿಗೆಗೆ ಹಚ್ಚಿ ನೋಡಿದವರೇ ಪಾತ್ರೆ ಒಳಗೆ ಕಳಿಸಿದರು. ಹೊಸ ಚಟ್ನಿ ಬರುವ ತನಕ ಯಾರಿಗೂ ದೋಸೆ ಹುಯ್ಯಲಿಲ್ಲ.