ಬಾಗಿಲ ಹೊರಗಿನ ಹೆಂಗಸರು

14 ಜುಲೈ 2024, ಭಾನುವಾರ

ಬೆಳಗಿನಿಂದ ಜಡಿಮಳೆ. ಒಗೆದ ಬಟ್ಟೆಗೆ ಹಾಲ್‌ನಲ್ಲೇ ಹಗ್ಗ ಕಟ್ಟಿದ್ದೇವೆ. ಅದರಡಿ ಕೂತು ನಿರ್ದೇಶಕ ಕಾಕೊಯಾನಿಸ್‌ನ ‘ಎಲೆಕ್ಟ್ರಾ’ ನೋಡಿದೆ, ಮೂರನೇ ಸಲ. 1962ರ ಕಪ್ಪುಬಿಳುಪು ಚಿತ್ರ. ಯೂರಿಪಿಡೀಸ್‌ನ ಪ್ರಾಚೀನ ಗ್ರೀಕ್ ನಾಟಕವನ್ನು ತೆರೆಗೆ ತಂದ ಬಗೆಗೆಂದೇ ಆ ವರ್ಷ ಕಾನ್ ಚಿತ್ರೋತ್ಸವದಲ್ಲಿ ಬಹುಮಾನ ಪಡೆದದ್ದು. ಈ ಸಲ ಪಕ್ಕದಲ್ಲಿ ಅಮ್ಮನೂ ಇದ್ದಳು, ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಾ. ಮಾತು ಗ್ರೀಕ್, ಸಬ್‌ಟೈಟಲ್ ಇಂಗ್ಲಿಷ್. ಅವಳಿಗೆ ಎರಡೂ ಒಂದೇ.

ಶುರುವಿನಲ್ಲಿ ಅದೇನೂ ತೊಡಕಾಗಲಿಲ್ಲ, ಅಲ್ಲಿ ಮಾತೇ ಕಡಿಮೆ. ಟ್ರಾಯ್ ಯುದ್ಧ ಗೆದ್ದು ಬಂದ ರಾಜ ಅಗಮೆಮ್ನಾನ್ ಸ್ನಾನಕ್ಕಿಳಿಯುತ್ತಾನೆ. ಹೆಂಡತಿ ಮತ್ತು ಅವಳ ಪ್ರಿಯಕರ ಸೇರಿ ಬಲೆ ಬೀಸಿ ಮುಗಿಸುತ್ತಾರೆ. “ಅಯ್ಯೋ, ಮೀಯೋ ಹೊತ್ತಲ್ಲಾ!” ಅಂದಳು ಅಮ್ಮ.

ಯೂರಿಪಿಡೀಸ್‌ನ ನಾಟಕದಲ್ಲಿ ಈ ಕೊಲೆ ನಡೆದು ವರ್ಷಗಳೇ ಕಳೆದಿರುತ್ತವೆ. ಒಬ್ಬ ಬಡ ರೈತ ಬಂದು ಎಲ್ಲ ಹೇಳುತ್ತಾನೆ. ಅಗಮೆಮ್ನಾನ್‌ನ ಮಗಳು, ರಾಜಕುಮಾರಿ ಎಲೆಕ್ಟ್ರಾಳನ್ನು ಅವನಿಗೇ ಕಟ್ಟಿರುತ್ತಾರೆ, ಸೇಡು ತೀರಿಸಬಲ್ಲ ದೊಡ್ಡ ಮನೆತನದ ಮಕ್ಕಳು ಅವಳಿಗೆ ಹುಟ್ಟದಿರಲಿ ಅಂತ. ಅವನೋ ಅವಳನ್ನು ಮುಟ್ಟುವುದೇ ಇಲ್ಲ.

ಗ್ರೀಕ್ ರಂಗದಲ್ಲಿ ಕೊಲೆ ಸಾಮಾನ್ಯವಾಗಿ ಬಾಗಿಲ ಹಿಂದೆಯೇ. ಒಳಗಿಂದ ಕೂಗು ಕೇಳುತ್ತದೆ, ಇಲ್ಲವೇ ದೂತನೊಬ್ಬ ಓಡಿಬಂದು ವರದಿ ಒಪ್ಪಿಸುತ್ತಾನೆ. ಕ್ಯಾಮೆರಾಕ್ಕೆ ಆ ಕಟ್ಟುಪಾಡಿಲ್ಲ, ಎಲ್ಲಿಗೆ ಬೇಕಾದರೂ ನುಗ್ಗಬಹುದು. ಮೊದಲ ಸಲ ನೋಡಿದಾಗ ಆ ಸ್ನಾನದ ದೃಶ್ಯ ಸಿನಿಮಾದವರ ಚಪಲ ಅನ್ನಿಸಿತ್ತು. ಇವತ್ತು ಹಾಗನ್ನಿಸಲಿಲ್ಲ. ಎಲೆಕ್ಟ್ರಾಳ ತಮ್ಮ ಒರೆಸ್ಟಿಸ್ ಅಪ್ಪನ ಕೊಲೆಯ ಸೇಡಿಗೆ ತಾಯಿಯನ್ನು ಕೊಲ್ಲುವಾಗ ಕ್ಯಾಮೆರಾ ರೈತನ ಗುಡಿಸಲಿನ ಹೊರಗೇ ಉಳಿಯುತ್ತದೆ. ಕಾಣುವುದು ಊರ ಹೆಂಗಸರು, ಕಪ್ಪು ಸೆರಗು ಹೊದ್ದವರು, ಅವರ ತಳಮಳ. ಅಪ್ಪನ ರಕ್ತ ನೋಡಿದ ನಮಗೆ ಒಳಗೇನಾಗುತ್ತಿದೆಯೆಂದು ಇನ್ನೊಮ್ಮೆ ತೋರಿಸಬೇಕಿಲ್ಲ. ಅಮ್ಮನ ಕೈಯಲ್ಲಿ ಬೀಜ ಹಾಗೇ ನಿಂತಿತ್ತು.

ಆ ಹೆಂಗಸರನ್ನು ತೋರಿಸಿ ಅವಳು ಮೊದಲೇ ಕೇಳಿದ್ದಳು, “ಇವ್ರೆಲ್ಲ ಅಕ್ಕಪಕ್ಕದ ಮನೆಯವ್ರಾ?” ಕೋರಸ್, ಮೇಳ ಅಂತೆಲ್ಲ ವಿವರಿಸಲು ಬಾಯಿ ತೆರೆದವನು ಸುಮ್ಮನಾದೆ. ಅಕ್ಕಪಕ್ಕದ ಮನೆಯವರೇ. ಸಾವಿನ ಮನೆಗೆ ಬಂದು ಮೂಲೆಯಲ್ಲಿ ನಿಲ್ಲುವವರು.

ಎಲೆಕ್ಟ್ರಾ ಆಗಿರುವ ಐರೀನ್ ಪಾಪಾಸ್ ತನ್ನ ಕೂದಲು ತಾನೇ ಕತ್ತರಿಸಿಕೊಳ್ಳುವಾಗ ಅಮ್ಮ ಏನೂ ಕೇಳಲಿಲ್ಲ. ಪ್ರಾಚೀನ ಗ್ರೀಕ್ ನಟರು ಮುಖವಾಡ ಹಾಕುತ್ತಿದ್ದರು. ಗ್ರೀಸ್‌ನ ಎಪಿಡಾರಸ್‌ನಂಥ ಬಯಲು ರಂಗದ ಕೊನೆಯ ಮೆಟ್ಟಿಲಿಗೆ ಹುಬ್ಬಿನ ಚಲನೆ ಕಾಣುವುದೆಂತು? ಇಲ್ಲಿ ಆ ದಪ್ಪ ಹುಬ್ಬೇ ಅರ್ಧ ಸಂಭಾಷಣೆ. (ಚಿತ್ರಕ್ಕೆ ಥಿಯೊಡೊರಾಕಿಸ್ ಕೊಟ್ಟ ಸಂಗೀತದ ಬಗ್ಗೆ ಬೇರೆಯೇ ಬರೆಯಬೇಕು.)

ನಾಟಕದ ಕೊನೆಗೆ ಕ್ಯಾಸ್ಟರ್, ಪಾಲಿಡ್ಯೂಸಸ್ ಎಂಬ ಅವಳಿ ದೇವತೆಗಳು ಮೇಲಿನಿಂದ ಪ್ರತ್ಯಕ್ಷರಾಗಿ ಯಾರು ಎಲ್ಲಿಗೆ ಹೋಗಬೇಕು ಅಂತ ತೀರ್ಪು ಕೊಡುತ್ತಾರೆ. ಕಾಕೊಯಾನಿಸ್ ಅವರನ್ನು ಕೈಬಿಟ್ಟಿದ್ದಾನೆ. ಅಕ್ಕ, ತಮ್ಮ ಬೇರೆ ಬೇರೆ ದಾರಿ ಹಿಡಿಯುತ್ತಾರೆ, ಅಷ್ಟೆ. ಸರಿಯಾದದ್ದನ್ನೇ ಮಾಡಿದ ಎಂದುಕೊಂಡು ಟಿವಿ ಆರಿಸಿದೆ.

“ಆ ರೈತನ ಗತಿ?” ಅಮ್ಮ ಕೇಳಿದಳು. “ಪಾಪ, ಒಳ್ಳೆಯವನು.”

ಎದ್ದು ನಾಟಕದ ಪುಸ್ತಕ ತೆಗೆದೆ. ದೇವತೆಗಳ ಮಾತಿನ ನಡುವೆ, ಸಲೀಸಾಗಿ ದಾಟಿಹೋಗುವಂಥ ಜಾಗದಲ್ಲಿ ಇದೆ: ಅವನನ್ನೂ ಫೋಕಿಸ್ ನಾಡಿಗೆ ಕರೆದೊಯ್ದು ಕೈತುಂಬ ಸಂಪತ್ತು ಕೊಡಿ. ಓದಿ ಹೇಳಿದೆ. “ಹಂಗಾದ್ರೆ ಸರಿ” ಅಂತ ಬೀಜದ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.